ಪಿಎಲ್‌ಸಿ ಡೇಟಾ ಪಿಸಿಗೆ ತರೋದು ಹೇಗೆ: ಒಂದು ಫರ್ನೇಸ್ ಇಟ್ಕೊಂಡು ವೈರಿಂದ ಫೈಲ್‌ವರೆಗೆ

ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಯುನಿಟ್‌ನಲ್ಲಿ ನಾನು ಮೊದಲ ಸಲ ಫರ್ನೇಸ್ ಟೆಂಪರೇಚರ್ ಪಿಸಿಲಿ ಲಾಗ್ ಆಗೋ ಹಾಗೆ ಮಾಡಿದ್ದೆ. ಒಂದಿನ ಬೆಳಿಗ್ಗೆ ಬಂದು ಗ್ರಾಫ್ ತೆಗೆದು ನೋಡಿದ್ರೆ ರಾತ್ರಿ ಒಂದೂಮುಕ್ಕಾಲಿಂದ ಬೆಳಿಗ್ಗೆ ಆರರವರೆಗೂ 860 ಡಿಗ್ರಿ, ಸ್ಕೇಲ್ ಇಟ್ಟು ಗೆರೆ ಎಳೆದಂಗೆ ನೇರ. ಸೂಪರ್‌ವೈಸರ್‌ಗೆ ಖುಷಿ ಆಯ್ತು, ನನಗೆ ಹೊಟ್ಟೇಲಿ ಕಸಿವಿಸಿ ಆಯ್ತು, ಯಾಕಂದ್ರೆ ನಿಜವಾದ ಫರ್ನೇಸ್ ಯಾವತ್ತೂ ಹಂಗೆ ಇರಲ್ಲ, ಬಾಗಿಲು ತೆಗೆದ್ರೆ ಇಳಿಯುತ್ತೆ, ಹೀಟರ್ ಆನ್ ಆಫ್ ಆದಾಗ ಒಂದೆರಡು ಡಿಗ್ರಿ ಅಲ್ಲಾಡ್ತಾನೇ ಇರುತ್ತೆ. ವಿಷಯ ಏನಂದ್ರೆ ರಾತ್ರಿ ಕೇಬಲ್ ಲೂಸ್ ಆಗಿ ಕನೆಕ್ಷನ್ ಹೋಗಿತ್ತು, ನಾನು ಬರೆದ ಪ್ರೋಗ್ರಾಂ ಕೊನೇ ಸಲ ಸಿಕ್ಕ ನಂಬರನ್ನೇ ನಾಲ್ಕು ಗಂಟೆ ಬರೀತಾ ಕೂತಿತ್ತು. ಆ ರಾತ್ರಿ ಲೋಡ್ ಮಾಡಿದ್ದ ಗೇರ್‌ಗಳನ್ನೆಲ್ಲ ಮತ್ತೆ ಹಾರ್ಡ್‌ನೆಸ್ ಚೆಕ್ ಮಾಡಿ ಕಳಿಸಬೇಕಾಯ್ತು.

ಅದಕ್ಕೇ ಈ ಬರಹ. ಪಿಎಲ್‌ಸಿಯಿಂದ, ಅಂದ್ರೆ ಮಷೀನ್ ನಡೆಸೋ ಸಣ್ಣ ಕಂಟ್ರೋಲ್ ಕಂಪ್ಯೂಟರಿಂದ, ಪಿಸಿಗೆ ನಂಬರ್ ತರೋದು ಒಂದು ದಿನದ ಕೆಲಸ, ಆ ನಂಬರ್ ನಿಜ ಅಂತ ಧೈರ್ಯವಾಗಿ ಹೇಳೋ ಹಾಗೆ ಮಾಡೋದೇ ಉಳಿದ ಒಂದು ವಾರದ ಕೆಲಸ. ಎರಡನ್ನೂ ಹೇಳ್ತೀನಿ. ಉದಾಹರಣೆಗೆ ನಮ್ಮ ಕಡೆ ಸಣ್ಣ ಫ್ಯಾಕ್ಟರಿಗಳಲ್ಲಿ ಜಾಸ್ತಿ ಕಾಣೋ ಡೆಲ್ಟಾ ಡಿವಿಪಿ ಸೀರೀಸ್ ಪಿಎಲ್‌ಸಿ, ಅದರ ಜೊತೆ ಮಾತಾಡೋ ಭಾಷೆ ಮಾಡ್‌ಬಸ್ ಆರ್‌ಟಿಯು, ಆ ಮಾತು ಹೋಗೋ ಎರಡು ವೈರಿನ ಆರ್‌ಎಸ್-485 ಲೈನ್ ತಗೋತೀನಿ, ಬೇರೆ ಕಂಪನಿ ಪಿಎಲ್‌ಸಿ ಬಗ್ಗೆ ಕೊನೇಲಿ ಸ್ವಲ್ಪ ಹೇಳ್ತೀನಿ. ಮಾಡ್‌ಬಸ್ ಯಾಕೆ ಅಂದ್ರೆ 1979ರಲ್ಲಿ ಮಾಡಿಕಾನ್ ಕಂಪನಿ ತಂದ ಪ್ರೋಟೋಕಾಲ್ ಇದು, ಇವತ್ತಿಗೂ ಪಿಎಲ್‌ಸಿ, ಎನರ್ಜಿ ಮೀಟರ್, ಟೆಂಪರೇಚರ್ ಕಂಟ್ರೋಲರ್, ಡ್ರೈವ್ (ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋದು) ಎಲ್ಲದರಲ್ಲೂ ಇರುತ್ತೆ, ಒಂದ್ಸಲ ಕಲಿತ್ರೆ ಯಾವ ಪ್ಯಾನೆಲ್ ಮುಂದೆ ನಿಂತ್ರೂ ಉಪಯೋಗಕ್ಕೆ ಬರುತ್ತೆ.

ಮೊದಲು ಪ್ಯಾನೆಲ್ ತೆಗೆದು ಯಾವ ಪೋರ್ಟ್ ಖಾಲಿ ಇದೆ ನೋಡಿ

ಲ್ಯಾಪ್‌ಟಾಪ್ ತೆಗೆಯೋಕೆ ಮುಂಚೆ ಇದನ್ನ ಮಾಡಿ. ಡಿವಿಪಿಲಿ ಸಾಮಾನ್ಯವಾಗಿ ಕಾಮ್ 1 ಅಂದ್ರೆ ಆರ್‌ಎಸ್-232, ರೌಂಡ್ ಕನೆಕ್ಟರ್ ಇರೋದು, ಅದರಲ್ಲೇ ಪ್ರೋಗ್ರಾಂ ಲೋಡ್ ಮಾಡೋದು, ಕಾಮ್ 2 ಅಂದ್ರೆ ಪ್ಲಸ್ ಮೈನಸ್ ಅಂತ ಬರೆದಿರೋ ಆರ್‌ಎಸ್-485 ಟರ್ಮಿನಲ್. ಎಷ್ಟೋ ಪ್ಯಾನೆಲ್‌ಗಳಲ್ಲಿ ಕಾಮ್ 1ಕ್ಕೆ ಎಚ್‌ಎಂಐ (ಆಪರೇಟರ್ ನೋಡೋ ಸ್ಕ್ರೀನ್) ಕೂತಿರುತ್ತೆ, ಕಾಮ್ 2ರಲ್ಲಿ ಪಿಎಲ್‌ಸಿನೇ ಡ್ರೈವ್‌ಗಳ ಜೊತೆ ಮಾತಾಡ್ತಾ ಇರುತ್ತೆ. ಹಂಗಿದ್ದಾಗ ಆ ಕಾಮ್ 2 ಲೈನಿಗೆ ನಿಮ್ಮ ಪಿಸಿ ವೈರ್ ಸೇರಿಸಬೇಡಿ. ಮಾಡ್‌ಬಸ್ ಆರ್‌ಟಿಯುಲಿ ಒಂದು ಲೈನಿಗೆ ಒಬ್ಬನೇ ಮಾಸ್ಟರ್, ಅಂದ್ರೆ ಕೇಳೋನು ಒಬ್ಬನೇ, ಉಳಿದವರೆಲ್ಲ ಸ್ಲೇವ್, ಕೇಳಿದಾಗ ಮಾತ್ರ ಉತ್ತರ ಕೊಡೋರು. ಪಿಎಲ್‌ಸಿ ಈಗಾಗ್ಲೇ ಡ್ರೈವ್‌ಗಳನ್ನ ಕೇಳ್ತಾ ಇರೋ ಲೈನಿಗೆ ಪಿಸಿನೂ ಬಂದು ಕೇಳೋಕೆ ಶುರು ಮಾಡಿದ್ರೆ ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಯಾರಿಗೂ ಏನೂ ಕೇಳಿಸಲ್ಲ, ಅಷ್ಟೇ ಅಲ್ಲ ನಡೀತಿರೋ ಡ್ರೈವ್ ಕಮ್ಯುನಿಕೇಶನ್ ಫಾಲ್ಟ್ ಕೊಟ್ಟು ನಿಂತುಬಿಡಬಹುದು, ಪ್ರೊಡಕ್ಷನ್ ನಿಲ್ಲುತ್ತೆ. ಪೋರ್ಟ್ ಖಾಲಿ ಇಲ್ಲ ಅಂದ್ರೆ ಇನ್ನೊಂದು ಕಮ್ಯುನಿಕೇಶನ್ ಮಾಡ್ಯೂಲ್ ಹಾಕಿಸಿ, ಆ ದುಡ್ಡು ಉಳಿಸೋಕೆ ಹೋಗಬೇಡಿ.

ಈಗ ವೈರ್. ಟ್ವಿಸ್ಟೆಡ್ ಪೇರ್ ಶೀಲ್ಡೆಡ್ ಕೇಬಲ್ ತಗೊಳ್ಳಿ, ಪ್ಯಾನೆಲ್‌ನಲ್ಲಿ ಉಳಿದಿರೋ ಕಂಟ್ರೋಲ್ ವೈರ್ ಎರಡು ತುಂಡು ಬೇಡ. ಎಲ್ಲಾ ಡಿವೈಸ್‌ಗಳನ್ನ ಒಂದರಿಂದ ಒಂದಕ್ಕೆ ಸರಪಳಿ ಥರ ಜೋಡಿಸಬೇಕು, ಮಧ್ಯದಿಂದ ನಾಲ್ಕು ಕಡೆ ಕವಲು ಒಡೆಸಬಾರದು. ಸ್ಟ್ಯಾಂಡರ್ಡ್ ಪ್ರಕಾರ ಕಡಿಮೆ ಬಾಡ್ ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತೆ ಅನ್ನೋ ಸ್ಪೀಡ್) 1200 ಮೀಟರ್‌ವರೆಗೆ ಹೋಗುತ್ತೆ, ಒಂದು ಲೈನಿಗೆ 32 ಯುನಿಟ್ ಲೋಡ್. ಶೀಲ್ಡನ್ನ ಒಂದೇ ಕಡೆ ಅರ್ತ್ ಮಾಡಿ. ಡ್ರೈವ್‌ನಿಂದ ಮೋಟರಿಗೆ ಹೋಗೋ ಕೇಬಲ್ ಇದೆಯಲ್ಲ ಅದರ ಜೊತೆ ಒಂದೇ ಟ್ರೇಲಿ ಯಾವತ್ತೂ ಓಡಿಸಬೇಡಿ, ಬೆಳಿಗ್ಗೆ ಟೆಸ್ಟ್ ಮಾಡಿದಾಗ ಚೆನ್ನಾಗಿರುತ್ತೆ, ಮಧ್ಯಾಹ್ನ ಡ್ರೈವ್ ಲೋಡ್ ತಗೊಂಡ ತಕ್ಷಣ ಎರರ್ ಶುರು, ಆಮೇಲೆ ನೀವು ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕ್ತಾ ಎರಡು ದಿನ ಕಳೀತೀರ.

ಲೈನಿನ ಎರಡು ತುದೀಲೂ 120 ಓಮ್ ರೆಸಿಸ್ಟರ್ ಹಾಕ್ತಾರೆ, ಎರಡು ತುದೀಲಿ ಮಾತ್ರ, ಮಧ್ಯದ ಡಿವೈಸ್‌ಗಳಲ್ಲಿ ಅಲ್ಲ. ಇದನ್ನ ಚೆಕ್ ಮಾಡೋಕೆ ಒಂದು ಸುಲಭದ ದಾರಿ ಇದೆ, ಎಲ್ಲಾ ಪವರ್ ಆಫ್ ಮಾಡಿ ಎರಡು ವೈರ್ ಮಧ್ಯೆ ಮಲ್ಟಿಮೀಟರ್ ಹಿಡೀರಿ, ಸುಮಾರು 60 ಓಮ್ ಬಂದ್ರೆ ಎರಡೂ ಇದೆ, 120 ಬಂದ್ರೆ ಒಂದೇ ಇದೆ, 40 ಬಂದ್ರೆ ಯಾರೋ ಮೂರು ಹಾಕಿದ್ದಾರೆ. ಟೇಬಲ್ ಮೇಲೆ ಎರಡು ಮೀಟರ್ ವೈರ್‌ನಲ್ಲಿ 9600 ಬಾಡ್‌ಗೆ ಟೆಸ್ಟ್ ಮಾಡ್ತಿದ್ರೆ ಈ ರೆಸಿಸ್ಟರ್ ಇಲ್ಲದೇನೂ ನಡೆಯುತ್ತೆ, ಶಾಪ್ ಫ್ಲೋರಲ್ಲಿ ಬಿಡಬೇಡಿ. ಇನ್ನೊಂದು, ಎ ಬಿ ಅಂತ ಟರ್ಮಿನಲ್ ಮೇಲೆ ಬರೆದಿರುತ್ತಲ್ಲ ಅದನ್ನ ಎಲ್ಲಾ ಕಂಪನಿಯವರೂ ಒಂದೇ ಥರ ಬರೆಯಲ್ಲ, ಒಬ್ಬರ ಎ ಇನ್ನೊಬ್ಬರ ಬಿ ಆಗಿರುತ್ತೆ. ಉತ್ತರ ಬರ್ತಿಲ್ಲ ಅಂದ್ರೆ ಎರಡು ವೈರ್ ಅದಲು ಬದಲು ಮಾಡಿ ನೋಡಿ, ಉಲ್ಟಾ ಹಾಕಿದ್ರೆ ಏನೂ ಸುಟ್ಟುಹೋಗಲ್ಲ.

ಪಿಸಿ ಕಡೆ ಯುಎಸ್‌ಬಿಯಿಂದ ಆರ್‌ಎಸ್-485 ಕನ್ವರ್ಟರ್ ಬೇಕು. ಎಸ್‌ಪಿ ರೋಡಲ್ಲಿ ನೂರಿನ್ನೂರು ರೂಪಾಯಿಗೂ ಸಿಗುತ್ತೆ, ಟೇಬಲ್ ಟೆಸ್ಟಿಂಗಿಗೆ ಅದು ಸಾಕು, ಆದ್ರೆ ವರ್ಷಗಟ್ಟಲೆ ಓಡಬೇಕಾದ ಕಡೆ ಐಸೊಲೇಟೆಡ್ ಇರೋದನ್ನೇ ಹಾಕಿ. ಫರ್ನೇಸ್ ಪ್ಯಾನೆಲ್ ಅರ್ತಿಗೂ ಆಫೀಸ್ ಪಿಸಿ ಅರ್ತಿಗೂ ವೋಲ್ಟೇಜ್ ವ್ಯತ್ಯಾಸ ಇರುತ್ತೆ, ಐಸೊಲೇಶನ್ ಇಲ್ಲದಿದ್ರೆ ಆ ವ್ಯತ್ಯಾಸ ನಿಮ್ಮ ಕನ್ವರ್ಟರ್ ಒಳಗೇ ಹರಿಯೋದು, ಪಿಸಿ ಯುಎಸ್‌ಬಿ ಪೋರ್ಟ್ ಹೋಗಿದ್ದನ್ನ ಕಣ್ಣಾರೆ ನೋಡಿದ್ದೀನಿ. ವಿಂಡೋಸ್‌ನಲ್ಲಿ ಎರಡು ಸೆಟ್ಟಿಂಗ್ ಈಗಲೇ ಮಾಡಿಬಿಡಿ. ಪವರ್ ಆಪ್ಷನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ಪಿಸಿ ಸ್ಲೀಪ್‌ಗೆ ಹೋಗದ ಹಾಗೂ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಪೋರ್ಟ್ ನಂಬರ್ ನೋಡಿ ಬರೆದಿಡಿ, ಯಾರಾದ್ರೂ ಗುಡಿಸುವಾಗ ಕೇಬಲ್ ಕಿತ್ತು ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿದ್ರೆ ಕಾಮ್ 3 ಇದ್ದಿದ್ದು ಕಾಮ್ 5 ಆಗಿರುತ್ತೆ, ಆ ಯುಎಸ್‌ಬಿ ಪೋರ್ಟ್ ಮೇಲೆ ಒಂದು ಸ್ಟಿಕರ್ ಅಂಟಿಸಿ.

ಪಿಎಲ್‌ಸಿ ಕಡೆ ಸೆಟ್ಟಿಂಗ್

ಡಿವಿಪಿ ಡಬ್ಬಿಯಿಂದ ತೆಗೆದಾಗ ಆಸ್ಕಿ ಮೋಡ್ (ಮಾಡ್‌ಬಸ್‌ನದೇ ಇನ್ನೊಂದು ರೂಪ), 9600, 7 ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯೋಕೆ ಸೇರಿಸೋ ಒಂದು ಬಿಟ್), 1 ಸ್ಟಾಪ್ ಬಿಟ್, ಸ್ಟೇಷನ್ ನಂಬರ್ 1 ಅಂತ ಇರುತ್ತೆ. ನಮಗೆ ಆರ್‌ಟಿಯು ಬೇಕು, ಆರ್‌ಟಿಯುಗೆ 8 ಬಿಟ್ಟೇ ಬೇಕು. ಕಾಮ್ 2ಕ್ಕೆ ಡಿ 1120 ರಿಜಿಸ್ಟರ್‌ಗೆ (ಪಿಎಲ್‌ಸಿಲಿ ಒಂದು ನಂಬರ್ ಇಡೋ ಜಾಗ) ಹೆಕ್ಸ್ 81 (16ರ ಲೆಕ್ಕದ ಸಂಖ್ಯೆ) ಹಾಕಿದ್ರೆ 9600, 8, ಪ್ಯಾರಿಟಿ ಇಲ್ಲ, 1 ಸ್ಟಾಪ್ ಅಂತ ಆಗುತ್ತೆ, ಹೆಕ್ಸ್ 87 ಹಾಕಿದ್ರೆ ಅದೇ 8 ಬಿಟ್ ಈವನ್ ಪ್ಯಾರಿಟಿ ಜೊತೆ. ಡಿ 1121ರಲ್ಲಿ ಸ್ಟೇಷನ್ ನಂಬರ್. ಎಂ ಅಂದ್ರೆ ಆನ್ ಆಫ್ ಆಗೋ ಒಂದು ಬಿಟ್, ಎಂ 1120 ಸೆಟ್ ಮಾಡಿದ್ರೆ ಆ ಸೆಟ್ಟಿಂಗ್ ಉಳ್ಕೊಳ್ಳುತ್ತೆ, ಎಂ 1143 ಸೆಟ್ ಮಾಡಿದ್ರೆ ಆರ್‌ಟಿಯು. ಇದನ್ನೆಲ್ಲ ಎಂ 1002 ಪಲ್ಸ್ ಕೆಳಗೆ, ಅಂದ್ರೆ ಪಿಎಲ್‌ಸಿ ರನ್ ಆದ ಮೊದಲ ಸ್ಕ್ಯಾನ್‌ನಲ್ಲಿ ಒಂದೇ ಸಲ ನಡೆಯೋ ಹಾಗೆ, ಬರೀರಿ. ಮಾಡ್‌ಬಸ್ ಸ್ಪೆಸಿಫಿಕೇಶನ್ ಪ್ರಕಾರ ಈವನ್ ಪ್ಯಾರಿಟಿನೇ ಡಿಫಾಲ್ಟ್, ಪ್ಯಾರಿಟಿ ಇಲ್ಲದಿದ್ರೆ 2 ಸ್ಟಾಪ್ ಬಿಟ್ ಇರಬೇಕು, ಆದ್ರೆ ಫೀಲ್ಡಲ್ಲಿ ಮುಕ್ಕಾಲು ಪಾಲು ಜನ ಪ್ಯಾರಿಟಿ ಇಲ್ಲದೇ 1 ಸ್ಟಾಪ್ ಬಿಟ್ ಇಟ್ಟಿರ್ತಾರೆ. ಯಾವುದಾದ್ರೂ ಸರಿ, ಲೈನಲ್ಲಿ ಇರೋ ಎಲ್ಲರಿಗೂ ಒಂದೇ ಇರಬೇಕು, ಸ್ಟೇಷನ್ ನಂಬರ್ ಮಾತ್ರ ಬೇರೆ ಬೇರೆ, 1ರಿಂದ 247ರ ಒಳಗೆ.

ಇನ್ನೊಂದು ಕೆಲಸ ಪಿಎಲ್‌ಸಿ ಪ್ರೋಗ್ರಾಂನಲ್ಲೇ ಮಾಡಬೇಕು, ಇದನ್ನ ಜಾಸ್ತಿ ಜನ ಬಿಟ್ಟುಬಿಡ್ತಾರೆ. ಪಿಸಿಗೆ ಬೇಕಾದ ನಂಬರ್‌ಗಳು ಪ್ರೋಗ್ರಾಂನಲ್ಲಿ ಅಲ್ಲೊಂದು ಇಲ್ಲೊಂದು ಡಿ ರಿಜಿಸ್ಟರ್‌ನಲ್ಲಿ ಚದುರಿ ಇರುತ್ತೆ, ಅವನ್ನೆಲ್ಲ ಮೂವ್ ಮಾಡಿ ಒಂದೇ ಕಡೆ ಸಾಲಾಗಿ ಜೋಡಿಸಿ. ನಾನು ಡಿ 100ರಿಂದ ಡಿ 107 ಇಟ್ಕೊಂಡಿದ್ದೆ: ಮೊದಲ ಮೂರು ಫರ್ನೇಸಿನ ಮೂರು ಝೋನ್ ಟೆಂಪರೇಚರ್, ಡಿ 103 ಸೆಟ್ ಪಾಯಿಂಟ್, ಡಿ 104 ಬಾಗಿಲು ಹೀಟರ್ ಅಲಾರಂ ಇವುಗಳ ಬಿಟ್‌ಗಳು, ಡಿ 105 ಬ್ಯಾಚ್ ನಂಬರ್, ಡಿ 106 ಬ್ಯಾಚ್ ಶುರುವಾಗಿ ಎಷ್ಟು ನಿಮಿಷ ಆಯ್ತು, ಡಿ 107 ಹಾರ್ಟ್‌ಬೀಟ್. ಹಾರ್ಟ್‌ಬೀಟ್ ಅಂದ್ರೆ ಎಂ 1013 ಅನ್ನೋ ಒಂದು ಸೆಕೆಂಡಿನ ಕ್ಲಾಕ್ ಇಟ್ಕೊಂಡು ಪ್ರತಿ ಸೆಕೆಂಡಿಗೂ ಒಂದು ಕೂಡ್ತಾ ಹೋಗೋ ಬರೀ ಎಣಿಕೆ. ನೋಡೋಕೆ ಏನೂ ಅಲ್ಲ ಅನಿಸುತ್ತೆ, ಆದ್ರೆ ಮೊದಲು ಹೇಳಿದ ಆ ಸುಳ್ಳು ಗೆರೆಯನ್ನ ಹಿಡಿಯೋದು ಇದೇ. ಮುಂದೆ ಬರುತ್ತೆ.

ಲಾಗಿಂಗ್ ಸಾಫ್ಟ್‌ವೇರ್ ಈಗಲೇ ತೆಗೀಬೇಡಿ

ಮೊದಲು ಒಂದು ಸಣ್ಣ ಟೆಸ್ಟ್ ಟೂಲ್ ಇಂದ ಒಂದೇ ಒಂದು ರಿಜಿಸ್ಟರ್ ಓದಿ. ಕ್ಯೂಮಾಡ್‌ಮಾಸ್ಟರ್ ಫ್ರೀ ಸಿಗುತ್ತೆ, ಮಾಡ್‌ಬಸ್ ಪೋಲ್ ದುಡ್ಡು ಕೊಟ್ಟು ತಗೋಬೇಕು, ಯಾವುದಾದ್ರೂ ಆಗುತ್ತೆ. ನೇರವಾಗಿ ಸ್ಕಾಡಾ (ಇಡೀ ಪ್ಲಾಂಟನ್ನ ಪಿಸಿಲಿ ನೋಡೋ ಸಾಫ್ಟ್‌ವೇರ್) ತೆಗೆದು ನೂರು ಟ್ಯಾಗ್ ಹಾಕಿ ಕೂತ್ರೆ, ತಪ್ಪು ವೈರಲ್ಲಿದೆಯೋ, ಬಾಡ್ ರೇಟಲ್ಲೋ, ಅಡ್ರೆಸ್ಸಲ್ಲೋ, ಸಾಫ್ಟ್‌ವೇರ್ ಲೈಸೆನ್ಸಲ್ಲೋ ಗೊತ್ತಾಗೋದೇ ಇಲ್ಲ.

ಅಡ್ರೆಸ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೊಸಬರು ಜಾಸ್ತಿ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಡಿವಿಪಿಲಿ ಡಿ 0 ಅಂದ್ರೆ ಮಾಡ್‌ಬಸ್ ಲೆಕ್ಕದಲ್ಲಿ ಹೆಕ್ಸ್ 1000, ಅಂದ್ರೆ 4096. ಹಾಗಾಗಿ ಡಿ 100 ಅಂದ್ರೆ 4196, ಹೆಕ್ಸಲ್ಲಿ 1064. ವೈರ್ ಮೇಲೆ ಹೋಗೋ ಅಡ್ರೆಸ್ ಸೊನ್ನೆಯಿಂದ ಶುರು, ಆದ್ರೆ ಹಳೇ ಪದ್ಧತಿ ಪ್ರಕಾರ ಹೋಲ್ಡಿಂಗ್ ರಿಜಿಸ್ಟರ್‌ಗಳನ್ನ 40001ರಿಂದ ಎಣಿಸ್ತಾರೆ, ಆ ಲೆಕ್ಕದಲ್ಲಿ ಅದೇ ಡಿ 100 ಈಗ 44197. ಒಂದು ಸಾಫ್ಟ್‌ವೇರ್ 4196 ಕೇಳುತ್ತೆ, ಇನ್ನೊಂದು 4197 ಕೇಳುತ್ತೆ, ಮತ್ತೊಂದು 44197 ಕೇಳುತ್ತೆ, ಮೂರೂ ಒಂದೇ ರಿಜಿಸ್ಟರ್. ಈ ಒಂದರ ವ್ಯತ್ಯಾಸ ಕಣ್ಣಿಗೆ ಬೀಳೋದೂ ಕಷ್ಟ, ಯಾಕಂದ್ರೆ ಝೋನ್ ಒಂದರ ಬದಲು ಝೋನ್ ಎರಡು ಓದ್ತಾ ಇರ್ತೀರ, ಎರಡೂ 860 ಆಸುಪಾಸಿನಲ್ಲೇ ಇರುತ್ತೆ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಟೆಸ್ಟ್ ಮಾಡುವಾಗ ಪಿಎಲ್‌ಸಿಲಿ ಆ ಎಂಟು ರಿಜಿಸ್ಟರ್‌ಗೂ 11, 22, 33, 44 ಅಂತ ಬೇರೆ ಬೇರೆ ನಂಬರ್ ಬಲವಂತವಾಗಿ ಹಾಕಿ, ಫರ್ನೇಸ್ ಓಡದೇ ಇರುವಾಗ, ಪಿಸಿಲಿ ಅದೇ ಸಾಲಿನಲ್ಲಿ ಬರುತ್ತಾ ನೋಡಿ.

ವೈರ್ ಮೇಲೆ ನಿಜವಾಗ್ಲೂ ಏನು ಹೋಗುತ್ತೆ ಅಂತ ಒಂದ್ಸಲ ನೋಡಿಬಿಡಿ, ಆಮೇಲೆ ಭಯ ಹೋಗುತ್ತೆ. ಎಂಟು ರಿಜಿಸ್ಟರ್ ಓದೋಕೆ ಪಿಸಿ ಕಳಿಸೋದು 01 03 10 64 00 08, ಅದರ ಹಿಂದೆ ಎರಡು ಬೈಟ್ ಸಿಆರ್‌ಸಿ, ಅಂದ್ರೆ ದಾರೀಲಿ ಡೇಟಾ ಕೆಟ್ಟಿದೆಯಾ ಅಂತ ಹಿಡಿಯೋ ಲೆಕ್ಕ. 01 ಸ್ಟೇಷನ್ ನಂಬರ್, 03 ಅಂದ್ರೆ ಹೋಲ್ಡಿಂಗ್ ರಿಜಿಸ್ಟರ್ ಓದು, 10 64 ಎಲ್ಲಿಂದ, 00 08 ಎಷ್ಟು. ಉತ್ತರವಾಗಿ 01 03 10 ಬರುತ್ತೆ, ಇಲ್ಲಿ 10 ಹೆಕ್ಸ್, ಅಂದ್ರೆ 16 ಬೈಟ್ ಡೇಟಾ ಇದೆ ಅಂತ, ಆಮೇಲೆ ಆ 16 ಬೈಟ್, ಕೊನೇಲಿ ಸಿಆರ್‌ಸಿ. ಮೊದಲ ಎರಡು ಬೈಟ್ 21 98 ಇದ್ರೆ ಅದು 8600, ಪಿಎಲ್‌ಸಿ ಹತ್ತರಿಂದ ಗುಣಿಸಿ ಇಟ್ಟಿದ್ದು, ಅಂದ್ರೆ 860.0 ಡಿಗ್ರಿ.

ಏನೂ ಉತ್ತರ ಬರದೇ ಟೈಮ್‌ಔಟ್ ಅಂತ ಬಂದ್ರೆ ವೈರ್, ಬಾಡ್ ರೇಟ್, ಪ್ಯಾರಿಟಿ, ಸ್ಟೇಷನ್ ನಂಬರ್, ಆಸ್ಕಿ ಆರ್‌ಟಿಯು ಇವುಗಳಲ್ಲೇ ಯಾವುದೋ ತಪ್ಪಿದೆ. ಉತ್ತರದಲ್ಲಿ 83 02 ಬಂದ್ರೆ ಮಾತ್ರ ಸಮಾಧಾನ ಪಟ್ಕೊಳ್ಳಿ, ಪಿಎಲ್‌ಸಿ ನಿಮ್ಮ ಮಾತು ಕೇಳಿಸ್ಕೊಂಡಿದೆ, ಅರ್ಥನೂ ಆಗಿದೆ, ನೀವು ಕೇಳಿದ ಅಡ್ರೆಸ್ ನನ್ನ ಹತ್ರ ಇಲ್ಲ ಅಂತ ಹೇಳ್ತಾ ಇದೆ. ಅಂದ್ರೆ ವೈರಿಂಗ್ ಪೂರ್ತಿ ಸರಿ ಇದೆ, ಮತ್ತೆ ಸ್ಕ್ರೂ ಡ್ರೈವರ್ ಮುಟ್ಟಬೇಡಿ. ಸಿಆರ್‌ಸಿ ಎರರ್ ಆಗೊಮ್ಮೆ ಈಗೊಮ್ಮೆ ಬರ್ತಿದ್ರೆ ನಾಯ್ಸ್ ಅಥವಾ ಟರ್ಮಿನೇಶನ್, ಅಥವಾ ಒಂದೇ ಸ್ಟೇಷನ್ ನಂಬರ್ ಎರಡು ಡಿವೈಸ್‌ಗೆ ಇಟ್ಟಿದ್ದೀರ.

ನಂಬರ್ ಬಂತು ಆದ್ರೆ ವಿಚಿತ್ರವಾಗಿದೆ ಅನ್ನೋದು ಮುಂದಿನ ಹಂತ. 65531 ಅಂತ ಬಂದ್ರೆ ಅದು ಬಹುಶಃ ಮೈನಸ್ 5, ಸಾಫ್ಟ್‌ವೇರ್‌ನಲ್ಲಿ ಸೈನ್ಡ್ ಅಂತ ಹಾಕಿಲ್ಲ. ಅದೇ ಲೈನಿಗೆ ಎನರ್ಜಿ ಮೀಟರ್ ಹಾಕಿದ್ರೆ ಅದರಲ್ಲಿ ಜಾಸ್ತಿ ಫ್ಲೋಟ್ (ದಶಮಾಂಶ ಇರೋ ಸಂಖ್ಯೆ) ಇರುತ್ತೆ, ಒಂದು ವ್ಯಾಲ್ಯೂಗೆ ಎರಡು ರಿಜಿಸ್ಟರ್. ವೋಲ್ಟೇಜ್ ಸರಿಯಾಗಿ 230 ಇದ್ದಾಗ ಆ ಎರಡು ರಿಜಿಸ್ಟರ್ 17254 ಮತ್ತೆ 0 ಅಂತ ಕಾಣುತ್ತೆ. ಕೆಲವು ಮೀಟರಲ್ಲಿ 17254 ಮೊದಲು ಬರುತ್ತೆ, ಕೆಲವಲ್ಲಿ ಎರಡನೇದಾಗಿ ಬರುತ್ತೆ, ಉಲ್ಟಾ ಓದಿದ್ರೆ ಸ್ಕ್ರೀನಲ್ಲಿ 0 ಅಥವಾ ಏನೋ ಅರ್ಥವಿಲ್ಲದ ನಂಬರ್. ನನಗೆ ಇದರಲ್ಲಿ ತುಂಬಾ ಇಷ್ಟ ಆದ ಒಂದು ವಿಷಯ ಇದೆ, 128ರಿಂದ 256 ವೋಲ್ಟ್ ಮಧ್ಯೆ ಆ ದೊಡ್ಡ ಭಾಗದ ರಿಜಿಸ್ಟರ್ ಒಂದು ವೋಲ್ಟಿಗೆ ಸರಿಯಾಗಿ ಒಂದೊಂದೇ ಏರುತ್ತೆ, 220 ವೋಲ್ಟಿಗೆ 17244, 231ಕ್ಕೆ 17255. ಹಾಗಾಗಿ ಸಿಂಗಲ್ ಫೇಸ್ ವೋಲ್ಟೇಜ್ ಓದ್ತಾ ಇರೋ ಕಡೆ ಯಾವ ರಿಜಿಸ್ಟರ್ 17200 ಚಿಲ್ಲರೆಯಲ್ಲಿ ನಿಂತು ಮೆಲ್ಲಗೆ ಅಲ್ಲಾಡ್ತಾ ಇದೆ ನೋಡಿದ್ರೆ ಸಾಕು, ಅದೇ ದೊಡ್ಡ ಭಾಗ, ವರ್ಡ್ ಆರ್ಡರ್ ಏನು ಅಂತ ಮ್ಯಾನ್ಯುಯಲ್ ತೆಗೆಯದೇನೇ ಗೊತ್ತಾಗುತ್ತೆ. ಎರಡು ರಿಜಿಸ್ಟರಿನ ವ್ಯಾಲ್ಯೂನ ಯಾವಾಗ್ಲೂ ಒಂದೇ ರಿಕ್ವೆಸ್ಟಲ್ಲಿ ಓದಿ, ಬೇರೆ ಬೇರೆ ಓದಿದ್ರೆ ಮಧ್ಯದಲ್ಲಿ ನಂಬರ್ ಬದಲಾಗಿ ಹಳೇದರ ಅರ್ಧ ಹೊಸದರ ಅರ್ಧ ಸೇರ್ಕೊಳ್ಳುತ್ತೆ.

ಸ್ಪೀಡ್ ಲೆಕ್ಕ

ಸಾಲಾಗಿ ಜೋಡಿಸಿ ಅಂತ ಯಾಕೆ ಹೇಳಿದೆ ಅಂದ್ರೆ ಇದಕ್ಕೆ. 9600 ಬಾಡ್‌ನಲ್ಲಿ ಒಂದು ಬೈಟ್ ಹೋಗೋಕೆ ಸುಮಾರು 1 ಮಿಲಿಸೆಕೆಂಡ್. ಎಂಟೂ ರಿಜಿಸ್ಟರ್ ಒಟ್ಟಿಗೆ ಕೇಳಿದ್ರೆ ಕೇಳೋಕೆ 8 ಬೈಟ್, ಉತ್ತರ 21 ಬೈಟ್, ಒಟ್ಟು 30 ಮಿಲಿಸೆಕೆಂಡ್, ಫ್ರೇಮ್‌ಗಳ ಮಧ್ಯೆ ಮೂರೂವರೆ ಅಕ್ಷರದಷ್ಟು ಮೌನ ಇರಬೇಕು ಅದು ಸೇರಿ 37 ಆಸುಪಾಸು. ಒಂದೊಂದೇ ಕೇಳಿದ್ರೆ ಒಂದಕ್ಕೆ 23 ಮಿಲಿಸೆಕೆಂಡ್, ಎಂಟಕ್ಕೆ 184. ಇದರ ಮೇಲೆ ಪ್ರತಿ ಸಲ ಪಿಎಲ್‌ಸಿ ಉತ್ತರ ತಯಾರು ಮಾಡೋ ಟೈಮ್ ಬೇರೆ. ಒಂದು ರಿಕ್ವೆಸ್ಟಲ್ಲಿ ಪ್ರೋಟೋಕಾಲ್ ಪ್ರಕಾರ 125 ರಿಜಿಸ್ಟರ್‌ವರೆಗೂ ಕೇಳಬಹುದು, ಡಿವೈಸ್ ಎಷ್ಟು ಕೊಡುತ್ತೆ ಅಂತ ಅದರ ಮ್ಯಾನ್ಯುಯಲ್ ನೋಡಿ. ಕನ್ವರ್ಟರ್ ಒಳಗೆ ಎಫ್‌ಟಿಡಿಐ ಚಿಪ್ ಇದ್ರೆ ಡ್ರೈವರ್‌ನಲ್ಲಿ ಲೇಟೆನ್ಸಿ ಟೈಮರ್ ಅಂತ 16 ಮಿಲಿಸೆಕೆಂಡ್ ಇರುತ್ತೆ, ಡಿವೈಸ್ ಮ್ಯಾನೇಜರಲ್ಲಿ ಅಡ್ವಾನ್ಸ್ಡ್ ಒಳಗೆ ಹೋಗಿ ಅದನ್ನ 1 ಮಾಡಿ, ಜಾಸ್ತಿ ಡಿವೈಸ್ ಇರೋ ಲೈನಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ.

ಆದ್ರೆ ಫರ್ನೇಸಿಗೆ ಇಷ್ಟೆಲ್ಲ ಸ್ಪೀಡ್ ಬೇಕಾಗಿಲ್ಲ, 5 ಸೆಕೆಂಡಿಗೆ ಒಂದ್ಸಲ ಸಾಕು, ದಿನಕ್ಕೆ 17,280 ಸಾಲು ಆಗುತ್ತೆ, ಅದೇ ಬೇಕಾದಷ್ಟು. ಪ್ರೆಸ್ ಥರ ವೇಗವಾಗಿ ಓಡೋ ಮಷೀನ್ ಇದ್ರೆ ಪಿಸಿಯಿಂದ ಸ್ಟ್ರೋಕ್ ಎಣಿಸೋಕೆ ಹೋಗಲೇಬೇಡಿ, ಎರಡು ಸಲ ಓದೋದರ ಮಧ್ಯೆ ಬಂದು ಹೋದ ಸಿಗ್ನಲ್ ಪಿಸಿಗೆ ಕಾಣಲ್ಲ. ಎಣಿಸೋ ಕೆಲಸ ಪಿಎಲ್‌ಸಿದು, ಎಣಿಸಿದ್ದನ್ನ ಬರ್ಕೊಳ್ಳೋದಷ್ಟೇ ಪಿಸಿ ಕೆಲಸ.

ಲಾಗ್ ಸುಳ್ಳು ಹೇಳಬಾರದು

ಪ್ರೋಗ್ರಾಂ ಬರೆಯೋಕೆ ಬಂದ್ರೆ ಪೈಥಾನ್‌ನಲ್ಲಿ ಪೈಮಾಡ್‌ಬಸ್ ಅಥವಾ ಮಿನಿಮಲ್‌ಮಾಡ್‌ಬಸ್ ಲೈಬ್ರರಿ ಇದೆ, ಕೋಡ್ ಬೇಡ ಅಂದ್ರೆ ನೋಡ್-ರೆಡ್ ಇದೆ, ಕಂಪನಿ ದುಡ್ಡು ಕೊಡುತ್ತೆ ಅಂದ್ರೆ ರೆಡಿ ಸ್ಕಾಡಾ ಇದೆ. ಯಾವುದು ತಗೊಂಡ್ರೂ ಒಳಗೆ ನಡೀಬೇಕಾದ್ದು ಇಷ್ಟು: ಪೋರ್ಟ್ ತೆಗಿ, ಎಂಟು ರಿಜಿಸ್ಟರ್ ಓದು, ಒಂದು ಸೆಕೆಂಡ್ ಒಳಗೆ ಬರಲಿಲ್ಲ ಅಂದ್ರೆ ಇನ್ನೆರಡು ಸಲ ಕೇಳು, ಆಗ್ಲೂ ಬರಲಿಲ್ಲ ಅಂದ್ರೆ ಟೆಂಪರೇಚರ್ ಜಾಗ ಖಾಲಿ ಬಿಟ್ಟು ಕ್ವಾಲಿಟಿ ಕಾಲಂನಲ್ಲಿ ಬ್ಯಾಡ್ ಅಂತ ಬರಿ, ಪೋರ್ಟ್ ಮುಚ್ಚಿ ಮತ್ತೆ ತೆಗೆದು ಮುಂದಿನ ಐದು ಸೆಕೆಂಡಿಗೆ ಕಾಯಿ. ಖಾಲಿ ಬಿಡಬೇಕು, ಸೊನ್ನೆ ಬರೀಬಾರದು, ಹಳೇ ನಂಬರ್ ಅಂತೂ ಬರೀಲೇಬಾರದು. ಸೊನ್ನೆ ಬರೆದ್ರೆ ಯಾರೋ ಸರಾಸರಿ ತೆಗೆಯುವಾಗ ಅದೂ ಸೇರಿ ಇಡೀ ಬ್ಯಾಚಿನ ಲೆಕ್ಕ ಕೆಡುತ್ತೆ.

ಇಷ್ಟು ಮಾಡಿದ್ರೂ ಒಂದು ಕಳ್ಳದಾರಿ ಉಳಿಯುತ್ತೆ. ಪಿಎಲ್‌ಸಿ ಸ್ಟಾಪ್ ಮೋಡಿಗೆ ಹೋದ್ರೆ ಪ್ರೋಗ್ರಾಂ ಓಡಲ್ಲ, ಆದ್ರೆ ಕಮ್ಯುನಿಕೇಶನ್ ಪೋರ್ಟ್ ಆರಾಮಾಗಿ ಉತ್ತರ ಕೊಡ್ತಾನೇ ಇರುತ್ತೆ, ಡಿ 100ರಲ್ಲಿ ಪಿಎಲ್‌ಸಿ ಸೆಟ್ಟಿಂಗ್ ಪ್ರಕಾರ ಕೊನೇಗೆ ಇದ್ದ ನಂಬರೋ ಸೊನ್ನೆಯೋ ಕೂತಿರುತ್ತೆ, ಟೈಮ್‌ಔಟ್ ಬರೋದೇ ಇಲ್ಲ. ಅದಕ್ಕೇ ಹಾರ್ಟ್‌ಬೀಟ್. ಡಿ 107 ಹಿಂದಿನ ಸಲಕ್ಕಿಂತ ಬದಲಾಗಿಲ್ಲ ಅಂದ್ರೆ ಓದಿದ್ದು ಎಷ್ಟೇ ಚೆಂದ ಇದ್ರೂ ಬ್ಯಾಡ್ ಅಂತಲೇ ಬರೀರಿ. ನನ್ನ ಆ ರಾತ್ರಿಯ ತಪ್ಪು ಕೇಬಲಿಂದ ಆಗಿದ್ದು, ಆದ್ರೆ ಅದನ್ನ ಸರಿ ಮಾಡುವಾಗಲೇ ಇದೂ ಇದೆ ಅಂತ ಹೊಳೆದಿದ್ದು. ಹಾಗೇ ಥರ್ಮೋಕಪಲ್ ಕಟ್ ಆದ್ರೆ ನಿಮ್ಮ ಕಂಟ್ರೋಲರ್ ಅಥವಾ ಇನ್‌ಪುಟ್ ಮಾಡ್ಯೂಲ್ ಯಾವ ನಂಬರ್ ಕೊಡುತ್ತೆ ಅಂತ ಒಂದ್ಸಲ ವೈರ್ ಬಿಚ್ಚಿ ನೋಡಿ ಬರೆದಿಡಿ, ಆ ನಂಬರ್ ಬಂದಾಗ್ಲೂ ಬ್ಯಾಡ್.

ಫೈಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಸಿಎಸ್‌ವಿ ಫೈಲಿಗೆ ಬರೀತಿದ್ದಾಗ ಯಾರಾದ್ರೂ ಅದನ್ನ ಎಕ್ಸೆಲ್‌ನಲ್ಲಿ ತೆಗೆದ್ರೆ ಫೈಲ್ ಲಾಕ್ ಆಗಿ ನಿಮ್ಮ ಪ್ರೋಗ್ರಾಂಗೆ ಬರೆಯೋಕೆ ಆಗಲ್ಲ, ನಮ್ಮಲ್ಲಿ ಒಂದು ಮಧ್ಯಾಹ್ನದ ಡೇಟಾ ಹೀಗೇ ಹೋಯ್ತು, ರಿಪೋರ್ಟ್ ನೋಡೋಕೆ ತೆಗೆದವರು ಊಟಕ್ಕೆ ಹೋಗಿದ್ರು. ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಬರೀರಿ, ನೋಡೋರಿಗೆ ದಿನಕ್ಕೊಂದು ಸಿಎಸ್‌ವಿ ಕಾಪಿ ತೆಗೆದು ಬೇರೆ ಫೋಲ್ಡರಿಗೆ ಹಾಕಿ. ಪಿಸಿ ಗಡಿಯಾರ ತಾನಾಗೇ ಸಿಂಕ್ ಆಗೋ ಹಾಗೆ ಇಡಿ, ಆಡಿಟರ್ ಬಂದಾಗ ಮೊದಲು ಕೇಳೋದೇ ಈ ಟೈಮ್ ಸರಿ ಅಂತ ಹೇಗೆ ನಂಬೋದು ಅಂತ. ಕರೆಂಟ್ ಹೋಗಿ ಬಂದಾಗ ಪಿಸಿ ತಾನೇ ಆನ್ ಆಗ್ಬೇಕು, ಬಯಾಸ್‌ನಲ್ಲಿ ಆ ಸೆಟ್ಟಿಂಗ್ ಇರುತ್ತೆ, ಲಾಗರ್ ಕೂಡ ಯಾರೂ ಲಾಗಿನ್ ಆಗದೇ ವಿಂಡೋಸ್ ಸರ್ವಿಸ್ ಥರ ಶುರುವಾಗ್ಬೇಕು.

ಮತ್ತೆ, ಪಿಸಿಯಿಂದ ಓದಿ, ಬರೀಬೇಡಿ. ಲಾಗಿಂಗ್‌ಗೆ ಫಂಕ್ಷನ್ 3 ಮತ್ತೆ 4 ಸಾಕು, 6 ಮತ್ತೆ 16 ಅಂದ್ರೆ ರಿಜಿಸ್ಟರ್‌ಗೆ ಬರೆಯೋದು. ರೆಸಿಪಿ (ಬ್ಯಾಚಿನ ಸೆಟ್ಟಿಂಗ್‌ಗಳು) ಕಳಿಸಲೇಬೇಕು ಅಂದ್ರೆ ಬರೆಯೋಕೆ ಬೇರೆ ರಿಜಿಸ್ಟರ್‌ಗಳನ್ನ ಇಟ್ಟು, ಬಂದ ನಂಬರ್ ಮಿತಿಯೊಳಗೆ ಇದೆಯಾ ಅಂತ ಪಿಎಲ್‌ಸಿನೇ ನೋಡಿ ಒಪ್ಪಿಕೊಳ್ಳೋ ಹಾಗೆ ಬರೀರಿ. ಎಮರ್ಜೆನ್ಸಿ ಸ್ಟಾಪ್, ಓವರ್ ಟೆಂಪರೇಚರ್ ಕಟ್ ಆಫ್ ಇವೆಲ್ಲ ಹಾರ್ಡ್‌ವೈರ್‌ನಲ್ಲೇ ಇರಬೇಕು, ಪಿಸಿ ಅದರ ಹತ್ತಿರಕ್ಕೂ ಬರಬಾರದು.

ಬೇರೆ ಪಿಎಲ್‌ಸಿ ಇದ್ರೆ

ಈಥರ್ನೆಟ್ ಇರೋ ಪಿಎಲ್‌ಸಿ ಆದ್ರೆ ವೈರ್ ತಲೆನೋವು ಕಮ್ಮಿ. ಮಾಡ್‌ಬಸ್ ಟಿಸಿಪಿ ಪೋರ್ಟ್ 502, ಸಿಆರ್‌ಸಿ ಇರಲ್ಲ, ಉಳಿದ ಅಡ್ರೆಸ್ ಲೆಕ್ಕ ಎಲ್ಲ ಮೇಲೆ ಹೇಳಿದ್ದೇ. ಸೀಮೆನ್ಸ್ ಎಸ್7-1200ರಲ್ಲಿ ಮಾಡ್‌ಬಸ್ ಬೇಕಂದ್ರೆ ಪ್ರೋಗ್ರಾಂನಲ್ಲಿ ಎಂಬಿ ಸರ್ವರ್ ಬ್ಲಾಕ್ ಕರೀಬೇಕು, ಅಥವಾ ಸ್ನ್ಯಾಪ್7 ಲೈಬ್ರರಿ ಇಟ್ಕೊಂಡು ಪೋರ್ಟ್ 102ರಲ್ಲಿ ನೇರ ಓದಬಹುದು, ಆದ್ರೆ ಅದಕ್ಕೆ ಪುಟ್-ಗೆಟ್ ಪರ್ಮಿಷನ್ ಆನ್ ಮಾಡಬೇಕು, ಡೇಟಾ ಬ್ಲಾಕಿನ ಆಪ್ಟಿಮೈಸ್ಡ್ ಆಕ್ಸೆಸ್ ಟಿಕ್ ತೆಗೀಬೇಕು, ಇಲ್ಲದಿದ್ರೆ ಕನೆಕ್ಟ್ ಆಗುತ್ತೆ ಆದ್ರೆ ಓದೋಕೆ ಬಿಡಲ್ಲ. ಅಲೆನ್ ಬ್ರಾಡ್ಲಿ ಲಾಜಿಕ್ಸ್ ಕಂಟ್ರೋಲರ್‌ಗಳಲ್ಲಿ ಅಡ್ರೆಸ್ ಬದಲು ಟ್ಯಾಗ್ ಹೆಸರಿಂದಲೇ ಓದ್ತಾರೆ, ಪೋರ್ಟ್ 44818, ಪೈಥಾನಲ್ಲಿ ಪೈಕಾಮ್3. ನಾಲ್ಕೈದು ಕಂಪನಿ ಪಿಎಲ್‌ಸಿ ಒಟ್ಟಿಗೆ ಇರೋ ಜಾಗದಲ್ಲಿ ಒಪಿಸಿ ಸರ್ವರ್ ಹಾಕೋದೇ ಸರಿ, ಕೆಪ್‌ವೇರ್ ಥರದ್ದು, ಕೆಳಗಡೆ ಎಲ್ಲರ ಭಾಷೆನೂ ಅದು ಮಾತಾಡಿ ಮೇಲ್ಗಡೆ ಒಂದೇ ಭಾಷೆಲಿ ಕೊಡುತ್ತೆ, ಜೊತೆಗೆ ಪ್ರತಿ ವ್ಯಾಲ್ಯೂ ಜೊತೆ ಟೈಮ್ ಮತ್ತೆ ಕ್ವಾಲಿಟಿ ಕೂಡ ಬರುತ್ತೆ. 1996ರ ಹಳೇ ಒಪಿಸಿ ಡಿಎ ಮೈಕ್ರೋಸಾಫ್ಟಿನ ಡಿಕಾಮ್ ಮೇಲೆ ನಿಂತಿತ್ತು, ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್‌ಗಳು 2023ರ ಮಾರ್ಚ್ ಹೊತ್ತಿಗೆ ಡಿಕಾಮನ್ನ ಬಿಗಿ ಮಾಡಿದ ಮೇಲೆ ಹಳೇ ಸೆಟಪ್‌ಗಳನ್ನ ನಡೆಸೋದು ಇನ್ನೂ ಕಷ್ಟ, ಹೊಸದಾಗಿ ಮಾಡ್ತಿದ್ರೆ ಒಪಿಸಿ ಯುಎನೇ ತಗೊಳ್ಳಿ, ಪೋರ್ಟ್ 4840.

ಈಥರ್ನೆಟ್ ಬಂದ ತಕ್ಷಣ ಇನ್ನೊಂದು ಜವಾಬ್ದಾರಿನೂ ಬರುತ್ತೆ. ಮಾಡ್‌ಬಸ್‌ನಲ್ಲಿ ಪಾಸ್‌ವರ್ಡ್ ಅನ್ನೋದೇ ಇಲ್ಲ, ಪೋರ್ಟ್ 502 ತಲುಪಿದ ಯಾರು ಬೇಕಾದ್ರೂ ನಿಮ್ಮ ಫರ್ನೇಸಿನ ಸೆಟ್ ಪಾಯಿಂಟ್ ಬದಲಾಯಿಸಬಹುದು. ಲಾಗಿಂಗ್ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಒಂದು ಬರೀ ಪಿಎಲ್‌ಸಿಗಳಿಗೆ, ಇನ್ನೊಂದು ಆಫೀಸಿಗೆ, ಎರಡರ ಮಧ್ಯೆ ರೂಟಿಂಗ್ ಬೇಡ. ಓನರ್ ಮನೆಯಿಂದ ನೋಡ್ಬೇಕು ಅಂದ್ರೆ ವಿಪಿಎನ್ ಹಾಕಿ ಡೇಟಾಬೇಸ್ ತೋರಿಸಿ, ರೌಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಪಿಎಲ್‌ಸಿಯನ್ನ ಇಂಟರ್ನೆಟ್ಟಿಗೆ ಯಾವತ್ತೂ ಬಿಡಬೇಡಿ.

ಎಲ್ಲಾ ಮುಗೀತು ಅನಿಸಿದ ಮೇಲೆ ಹ್ಯಾಂಡ್‌ಓವರ್ ಮಾಡೋಕೆ ಮುಂಚೆ ನಾನು ಈಗ ಇಷ್ಟು ಮಾಡ್ತೀನಿ. ಎರಡು ವಾರ ಆಪರೇಟರ್ ಬರೆಯೋ ಪೇಪರ್ ಲಾಗ್ ನಿಲ್ಲಿಸಲ್ಲ, ದಿನಾ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ತೀನಿ, ಕಂಟ್ರೋಲರ್ ಡಿಸ್‌ಪ್ಲೇಲಿ ಕಾಣೋದಕ್ಕೂ ಫೈಲಲ್ಲಿ ಇರೋದಕ್ಕೂ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಕಾರಣ ಸಿಗೋವರೆಗೂ ಬಿಡಲ್ಲ. ಆಮೇಲೆ ಒಂದು ಲೋಡ್ ಇಲ್ಲದ ದಿನ ನೋಡ್ಕೊಂಡು, ಓಡ್ತಾ ಇರುವಾಗ್ಲೇ ಆರ್‌ಎಸ್-485 ವೈರ್ ಕಿತ್ತು ಐದು ನಿಮಿಷ ಬಿಟ್ಟು ಹಾಕ್ತೀನಿ, ಯುಎಸ್‌ಬಿ ಕಿತ್ತು ಹಾಕ್ತೀನಿ, ಪಿಎಲ್‌ಸಿನ ಸ್ಟಾಪ್‌ಗೆ ಹಾಕಿ ಮತ್ತೆ ರನ್ ಮಾಡ್ತೀನಿ, ಪಿಸಿ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡ್ತೀನಿ. ನಾಲ್ಕು ಸಲನೂ ಯಾರೂ ಕೀಬೋರ್ಡ್ ಮುಟ್ಟದೇ ಲಾಗಿಂಗ್ ತಾನೇ ವಾಪಸ್ ಶುರುವಾಗ್ಬೇಕು. ಮೊದಲ ಮೂರರಲ್ಲಿ ಆ ನಿಮಿಷಗಳ ಸಾಲು ಖಾಲಿ ಇದ್ದು ಪಕ್ಕದಲ್ಲಿ ಬ್ಯಾಡ್ ಅಂತ ಇರಬೇಕು, ನಾಲ್ಕನೇದರಲ್ಲಿ ಪಿಸಿನೇ ಇರಲಿಲ್ಲವಲ್ಲ, ಅಲ್ಲಿ ಸಾಲೇ ಇರಬಾರದು, ಟೈಮ್ ಕಾಲಂನಲ್ಲಿ ಆ ತೂತು ಕಣ್ಣಿಗೆ ಕಾಣಬೇಕು. ಆ ಪುಟವನ್ನ ಪ್ರಿಂಟ್ ತೆಗೆದು ಎಷ್ಟೊತ್ತಿಗೆ ಏನು ಕಿತ್ತೆ ಅಂತ ಪೆನ್ನಲ್ಲಿ ಬರೆದು, ಪ್ಯಾನೆಲ್ ಬಾಗಿಲಿನ ಒಳಗಡೆ ಡ್ರಾಯಿಂಗ್ ಇಡೋ ಪೌಚಲ್ಲಿ, ರಿಜಿಸ್ಟರ್ ಲಿಸ್ಟ್ ಜೊತೆ ಇಟ್ಟು ಬರ್ತೀನಿ.